ಎರಡು ಕರಡಿಗೆ

ಶಕುಂತಲಮ್ಮ ದಿನಾ ಬೆಳಿಗ್ಗೆ ಎರಡು ಸಲ ಪೂಜೆಗೆ ಕೂರುತ್ತಿದ್ದಳು. ಮೊದಲು ತಮ್ಮನದು, ಆಮೇಲೆ ತನ್ನದು. ತಮ್ಮ ಚನ್ನೇಶನ ಇಷ್ಟಲಿಂಗವನ್ನು ಬೆಳ್ಳಿಯ ಕರಡಿಗೆಯಿಂದ ಹೊರಗೆ ತೆಗೆದು, ಎಡಗೈ ಮೇಲಿಟ್ಟುಕೊಂಡು, ನೀರು ಹನಿಸಿ, ವಿಭೂತಿ ಹಚ್ಚಿ, ಒಂದು ಪತ್ರೆ ಏರಿಸಿ, ಒರೆಸಿ, ಮತ್ತೆ ಕರಡಿಗೆಗೆ ಸೇರಿಸಿ ಮುಚ್ಚಳ ಹಾಕುವಳು. ಅಷ್ಟಾದ ಮೇಲೆ ತನ್ನ ಕತ್ತಿನಲ್ಲಿದ್ದುದನ್ನು ಬಿಚ್ಚುವಳು. ತನ್ನ ಸರದಿ ಬರುವ ಹೊತ್ತಿಗೆ ಕೊಟ್ಟಿಗೆಯಲ್ಲಿ ಹಸು ಕೂಗುತ್ತಿರುತ್ತಿತ್ತು, ಹೊರಗೆ ಚಿಕ್ಕಪ್ಪ ಪರಮಶಿವಯ್ಯ ಕೆಮ್ಮುತ್ತಿರುತ್ತಿದ್ದರು. ಹಾಗಾಗಿ ತಮ್ಮನ ದೇವರಿಗೆ ಸಿಕ್ಕಷ್ಟು ಹೊತ್ತು ಅವಳ ದೇವರಿಗೆ ಎಂದೂ ಸಿಕ್ಕಿದ್ದಿಲ್ಲ.

ಒಬ್ಬರ ಲಿಂಗವನ್ನು ಇನ್ನೊಬ್ಬರು ಪೂಜಿಸುವ ಹಾಗಿಲ್ಲ. ಮೈಮೇಲಿನ ಲಿಂಗ ಮೈ ಬಿಟ್ಟು ಇರುವ ಹಾಗೂ ಇಲ್ಲ. ಇದೆಲ್ಲ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಚನ್ನೇಶ ವಾಯುಸೇನೆಗೆ ಸೇರಿ ಮೊದಲ ರಜೆಗೆ ಬಂದಾಗ ತಾನೇ ಕರಡಿಗೆ ಬಿಚ್ಚಿ ಅಕ್ಕನ ಕೈಗೆ ಕೊಟ್ಟಿದ್ದ. ಅವನ ಕೆಲಸ ಸರಕು ಸಾಗಿಸುವ ದೊಡ್ಡ ವಿಮಾನದ ಹೊಟ್ಟೆಯೊಳಗೆ. ಪೆಟ್ಟಿಗೆ, ಡ್ರಮ್ಮು, ಜೀಪುಗಳನ್ನು ಸರಪಳಿ ಹಾಕಿ ಅಲ್ಲಾಡದಂತೆ ಬಿಗಿಯುವುದು. ಸರಪಳಿ ಎಳೆಯುವವನ ಕತ್ತಿನಲ್ಲಿ ನೇತಾಡುವಂಥದ್ದೇನೂ ಇರಬಾರದೆಂದು ಮೇಲಿನವರು ಹೇಳಿದ್ದರಂತೆ.

"ಜೇಬಲ್ಲಿಟ್ಕೊಂಡ್ರೆ ಎಲ್ಲಾದ್ರೂ ಬೀಳಿಸ್ಬುಡ್ತೀನಿ ಅಕ್ಕ. ನಿನ್ ಹತ್ರ ಇದ್ರೆ ನನ್ ಹತ್ರ ಇದ್ದಂಗೇ. ನೀನೇ ಎರಡು ತೊಟ್ಟು ನೀರು ಹಾಕ್ಬುಡು."

"ನಿನ್ ಬಟ್ಟೆ ಒಗೆದಿದ್ದಾಯ್ತು, ನಿನ್ ತಟ್ಟೆ ತೊಳೆದಿದ್ದಾಯ್ತು. ಈಗ ನಿನ್ ದೇವರನ್ನೂ ನಾನೇ ತೊಳೀಬೇಕೇನ್ಲಾ?"

ಅವನು ನಕ್ಕುಬಿಟ್ಟ. ಅವಳು ಬೈದುಕೊಂಡೇ ದೇವರ ಗೂಡಿನಲ್ಲಿ ಬಲಗಡೆಗೆ ಜಾಗ ಮಾಡಿದಳು. ರಜೆಗೆ ಬಂದಾಗಲೆಲ್ಲ, ಹೊಸಿಲು ದಾಟಿ ಅವನು ಕಾಫಿ ಲೋಟ ಹಿಡಿಯುವ ಮುಂಚೆ ಅದನ್ನು ತಂದು ಅವನ ಕೊರಳಿಗೆ ಹಾಕುವಳು. ಹೊರಡುವ ದಿನ ಅವನು ತಲೆ ಬಗ್ಗಿಸುವನು, ಅವಳು ಬಿಚ್ಚಿಕೊಳ್ಳುವಳು.

ಅವರ ಊರು ಕರೇಕಲ್ಲುಪಾಳ್ಯ, ಗುಬ್ಬಿಯಿಂದ ಬಸ್ಸಿನಲ್ಲಿ ಸ್ವಲ್ಪ ಒಳಕ್ಕೆ. ಶಕುಂತಲಮ್ಮನನ್ನು ಕುಣಿಗಲ್ಲಿಗೆ ಕೊಟ್ಟಿತ್ತು. ಮದುವೆಯಾಗಿ ವರ್ಷ ತುಂಬುವ ಮೊದಲೇ ಅವ್ವ ಹಾಸಿಗೆ ಹಿಡಿದಳು. ಚನ್ನೇಶನಿಗಾಗ ಇನ್ನೂ ಚಡ್ಡಿ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. "ನಾಕು ದಿನ ಇದ್ದು ನೋಡ್ಕೊಂಡು ಬಾ" ಎಂದು ಗಂಡನ ಮನೆಯವರೇ ಬಸ್ಸು ಹತ್ತಿಸಿದರು. ಅವ್ವನನ್ನು ನೋಡಿಕೊಂಡದ್ದಾಯಿತು, ಮಣ್ಣು ಮಾಡಿದ್ದಾಯಿತು. "ಹುಡುಗನಿಗೆ ಅನ್ನ ಇಕ್ಕೋರು ಯಾರು?" ಎಂದು ಅಪ್ಪ ಕೇಳಿದರು. ಕುಣಿಗಲ್ಲಿನಿಂದ ಕರೆಯಲು ಯಾರೂ ಬರಲಿಲ್ಲ. ಅಲ್ಲೂ ಅನ್ನ ಇಕ್ಕುವವರು ಬೇಕಿತ್ತಲ್ಲ, ಇನ್ನೊಬ್ಬಳನ್ನು ತಂದುಕೊಂಡರು. ಹೀಗೆ ಯಾರೂ ಬಿಡು ಎನ್ನದೆ, ಯಾರೂ ಇರು ಎನ್ನದೆ, ಅವಳು ತವರಿನ ಅಡಿಗೆಮನೆಯಲ್ಲಿ ಐವತ್ತು ದಾಟಿದಳು. ಅಪ್ಪ ಹೋದರು. ಹೆಂಡತಿ ತೀರಿಕೊಂಡ ಮೇಲೆ ಚಿಕ್ಕಪ್ಪ ತಮ್ಮ ಮಗ ಬಸವರಾಜನ ಜೊತೆ ಇದೇ ಮನೆಗೆ ಬಂದು ಸೇರಿಕೊಂಡರು. ತಟ್ಟೆಗಳ ಲೆಕ್ಕ ಮಾತ್ರ ಕಮ್ಮಿಯಾಗಲಿಲ್ಲ.

ಅವ್ವನ ಬೆಳ್ಳಿ ಡಾಬು ಕರಗಿಸಿ ಅಪ್ಪ ಗುಬ್ಬಿಯ ಅಕ್ಕಸಾಲಿಯ ಹತ್ತಿರ ಮಕ್ಕಳಿಬ್ಬರಿಗೂ ಕರಡಿಗೆ ಮಾಡಿಸಿದ್ದರು. ಒಂದೇ ಅಚ್ಚು, ಒಂದೇ ತೂಕ. ಶಿವರಾತ್ರಿಗೆ ಎರಡಕ್ಕೂ ಅವಳೇ ಹೊಸ ಶಿವದಾರ ಪೋಣಿಸುವಳು. ಹೊರಗಿನಿಂದ ನೋಡಿದರೆ ಯಾವುದು ಯಾರದೆಂದು ಹೆತ್ತವ್ವನಿಗೂ ಗೊತ್ತಾಗುವಂತಿರಲಿಲ್ಲ. ಒಳಗಿನ ಲಿಂಗಕ್ಕೆ ಮಾತ್ರ ಗುರುತಿತ್ತು. ಚಿಕ್ಕವನಿದ್ದಾಗ ಚನ್ನೇಶ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬೀಳಿಸಿ, ಅವನದರ ಮೇಲಿನ ಕಂತಿಯ ಕಪ್ಪು ಲೇಪ ಒಂದು ಕಡೆ ಎದ್ದುಹೋಗಿತ್ತು. ಕಣ್ಣು ಮುಚ್ಚಿ ಮುಟ್ಟಿದರೂ ಅವಳ ಹೆಬ್ಬೆರಳು ಆ ಗಾಯದ ಹತ್ತಿರ ನಿಲ್ಲುತ್ತಿತ್ತು.

ಸುದ್ದಿ ಮೊದಲು ಬಂದದ್ದು ತುಮಕೂರಿಗೆ. ಚನ್ನೇಶನ ಹೆಂಡತಿ ಪಲ್ಲವಿ ಶೆಟ್ಟಿಹಳ್ಳಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡು, ಖಾಸಗಿ ಶಾಲೆಯೊಂದರಲ್ಲಿ ಪಾಠ ಹೇಳಿಕೊಂಡು, ಮಗಳು ದೀಪಿಕಾಳನ್ನು ಓದಿಸಿಕೊಂಡಿದ್ದಳು. ಅವಳಿಗೆ ಫೋನು ಬಂತು. ಇಲ್ಲಿ ಬಸವರಾಜ ಟಿವಿ ಹಾಕಿದ. ಎಲ್ಲೋ ಉತ್ತರದ ಕಡೆ, ಬೆಟ್ಟಗಳ ನಡುವಿನ ನಿಲ್ದಾಣ. ಮಂಜು. ಇಳಿಯುವಾಗ ವಿಮಾನ ಓಡುದಾರಿಗಿಂತ ಮುಂಚೆಯೇ ನೆಲಕ್ಕೆ ಬಡಿದು ಹೊತ್ತಿಕೊಂಡಿತ್ತು. ಒಳಗಿದ್ದವರು ಒಬ್ಬರೂ ಉಳಿದಿರಲಿಲ್ಲ. ಟಿವಿಯವರು ಅದೇ ಕರಿ ಹೊಲವನ್ನು ಮತ್ತೆ ಮತ್ತೆ ತೋರಿಸಿದರು.

"ಹಾರುವಾಗ ಅಲ್ವಂತಾ?" ಎಂದು ಶಕುಂತಲಮ್ಮ ಕೇಳಿದಳು.

"ಅಲ್ಲ ಅಕ್ಕ, ಇಳೀವಾಗ. ನೆಲ ಬಂದ್ಬಿಟ್ಟಿತ್ತು."

ನೆಲ ಬಂದಮೇಲೆ ಸಾಯುವುದೆಂದರೇನು ಎಂದು ಅವಳಿಗೆ ಅರ್ಥವಾಗಲಿಲ್ಲ. ಆಮೇಲೂ ಆಗಲಿಲ್ಲ.

ಪೆಟ್ಟಿಗೆ ಬರುವ ದಿನ ಅವಳು ಮಿಂದು, ಕೊರಳಿನಿಂದ ತನ್ನ ಕರಡಿಗೆ ಬಿಚ್ಚಿ, ತಮ್ಮನದರ ಪಕ್ಕದಲ್ಲಿಟ್ಟು, ಇನ್ನೇನು ಕೂರಬೇಕು, ಆಗ ಸೈನ್ಯದ ಗಾಡಿ ಬಂತೆಂದು ಜನ ಕೂಗಿದರು. ಎದ್ದು ಓಡಿದಳು. ಅಂಗಳ ದಾಟುವ ಮುಂಚೆಯೇ ಚಿಕ್ಕಪ್ಪ ತಡೆದರು. "ಆಫೀಸರ್‌ಗಳು ಬಂದವ್ರೆ, ರಾತ್ರಿಯೆಲ್ಲ ಪ್ರಯಾಣ ಮಾಡವ್ರೆ. ಕಾಫಿನೋ ಟೀನೋ ನೋಡಮ್ಮ." ಅವಳು ಹಿಂದಕ್ಕೆ ತಿರುಗಿದಳು. ತಿರುಗಿದ್ದೇಕೆ ಎಂದು ಆಮೇಲೆ ಬಹಳ ಸಲ ಕೇಳಿಕೊಂಡಳು. ಕಾಲು ಅಷ್ಟು ವರ್ಷ ಆ ಕಡೆಗೇ ತಿರುಗಿ ರೂಢಿಯಾಗಿತ್ತು, ಅಷ್ಟೆ.

ಹೊರಗೆ ಜಗಳವಾದದ್ದು ಅವಳಿಗೆ ಒಲೆಯ ಮುಂದೆ ಕೇಳಿಸಿತು. ಅವರಲ್ಲಿ ಹೆಣವನ್ನು ಮಲಗಿಸುವುದಿಲ್ಲ. ಮೈ ತೊಳೆದು, ವಿಭೂತಿ ಧರಿಸಿ, ಪದ್ಮಾಸನದಲ್ಲಿ ಕೂರಿಸಿ, ಎಡ ಅಂಗೈಯಲ್ಲಿ ಅವನ ಲಿಂಗವಿಟ್ಟು ಮಣ್ಣು ಮಾಡುತ್ತಾರೆ. ಲಿಂಗವೂ ಅವನೂ ಜೊತೆಗೇ ಹೋಗಬೇಕು. ತೋಟದಲ್ಲಿ ಗುಂಡಿಯನ್ನೂ ಕೂರಿಸುವ ಅಳತೆಗೇ ತೋಡಿದ್ದರು. ಬಂದದ್ದು ಉದ್ದನೆಯ ಪೆಟ್ಟಿಗೆ, ಸುತ್ತ ಸ್ಕ್ರೂ ಬಿಗಿದದ್ದು.

"ತೆಗೀಬಾರದಂತೆ ಅಪ್ಪ," ಅಧಿಕಾರಿಯ ಹಿಂದಿಯನ್ನು ಬಸವರಾಜ ಕನ್ನಡ ಮಾಡುತ್ತಿದ್ದ. "ತೆಗೆಯೋ ಸ್ಥಿತೀಲಿ ಇಲ್ವಂತೆ."

"ಮಲಗ್ಸೋದು ನಮ್ಮಲ್ಲಿಲ್ಲ ಅಂತ ಹೇಳೋ."

"ಹೇಳ್ದೆ. ಕೂರ್ಸಕ್ಕೂ ಆಗಲ್ಲ ಅಂತವ್ರೆ."

ಗುಂಡಿಯನ್ನು ಅವಸರದಲ್ಲಿ ಉದ್ದಕ್ಕೆ ಕೆತ್ತಿದರು. ಹೊಸದಾಗಿ ಕೆತ್ತಿದ ಮಟ್ಟಕ್ಕೆ ಹಳೆಯ ಗುಂಡಿಗೂ ಮಣ್ಣು ತುಂಬಿದ್ದರಿಂದ ಆಳ ಸೊಂಟದ ಮಟ್ಟಕ್ಕೂ ಬರಲಿಲ್ಲ. ಮಠದಿಂದ ಬಂದಿದ್ದ ಅಯ್ನೋರು, ಕೈಯಲ್ಲಿಡಲಾಗದಿದ್ದರೆ ಲಿಂಗವನ್ನು ಪೆಟ್ಟಿಗೆಯ ಮೇಲಾದರೂ ಇಡಿ ಎಂದರು. "ಲಿಂಗ ತಗೊಂಬಾಮ್ಮಾ!" ಎಂದು ತೋಟದ ಕಡೆಯಿಂದ ಯಾರೋ ಕೂಗಿದರು.

ಶಕುಂತಲಮ್ಮನ ಎರಡು ಕೈಯಲ್ಲೂ ಬಿಸಿ ಪಾತ್ರೆಯ ಮಸಿಬಟ್ಟೆ. ದೇವರ ಗೂಡಿಗೆ ಹೋದಳು. ವಿಭೂತಿ ತಟ್ಟೆ ಎತ್ತಿಕೊಳ್ಳಲು ಬಂದಿದ್ದ ಹೆಂಗಸರು ಗೂಡನ್ನೆಲ್ಲ ಸರಿಸಿದ್ದರು. ಬಲಗಡೆಗಿದ್ದ ಕರಡಿಗೆಯನ್ನು ಬಟ್ಟೆಯಲ್ಲೇ ಹಿಡಿದು, ಬಾಗಿಲಲ್ಲಿ ನಿಂತಿದ್ದವರ ತಟ್ಟೆಗೆ ಹಾಕಿದಳು. ಒಲೆಯ ಮೇಲೆ ಟೀ ಉಕ್ಕುತ್ತಿತ್ತು. ಅವಳು ಲೋಟ ತೊಳೆಯುವಾಗ ತೋಟದಲ್ಲಿ ಗುಂಡು ಹಾರಿದವು. ಹಸು ಹಗ್ಗ ಕಿತ್ತುಕೊಂಡಿತು. ಅದನ್ನು ಕಟ್ಟಿಹಾಕಿ ಬರುವಷ್ಟರಲ್ಲಿ ಮಣ್ಣು ಮುಚ್ಚಿದ್ದರು.

ಸಂಜೆ, ಉಳಿದಿದ್ದ ಕರಡಿಗೆಯನ್ನು ಕೊರಳಿಗೆ ಹಾಕಿಕೊಂಡಳು. ತೆಗೆದು ನೋಡಲಿಲ್ಲ. ಮನೆ ತುಂಬ ನೆಂಟರು, ದಿನಕ್ಕೆ ಮೂರು ಪಂಕ್ತಿ ಊಟ. ಪೂಜೆಗೆ ಕೂರುವಷ್ಟು ಹೊತ್ತು ಅವಳನ್ನು ಯಾರೂ ಬಿಡಲಿಲ್ಲ.

ಆ ದಿನಗಳಲ್ಲೇ ಶುರುವಾದದ್ದು. ನಸುಕಿನಲ್ಲಿ ಹಂಡೆಗೆ ಉರಿ ಹಾಕಲು ಏಳುವಳು. ಬಚ್ಚಲಿನೊಳಗೆ ಚೊಂಬು ಹಂಡೆಯ ಕಂಠಕ್ಕೆ ತಾಗಿದ ಸದ್ದು, ಮೈಮೇಲೆ ನೀರು ಸುರಿದುಕೊಂಡ ಸದ್ದು. ಚನ್ನೇಶ ಮೀಯುತ್ತಿದ್ದುದೇ ಹಾಗೆ, ಊರಿಗೆಲ್ಲ ಕೇಳುವಂತೆ. ಹೋಗಿ ನೋಡಿದರೆ ಬಚ್ಚಲ ಕಲ್ಲು ಒಣಗಿರುತ್ತಿತ್ತು. ಅವಳ ಕೈ ಮಾತ್ರ ಆಗಲೇ ಟವಲು ತಂದು ಗೂಟಕ್ಕೆ ಹಾಕಿರುತ್ತಿತ್ತು. ರಾಗಿ ಹಿಟ್ಟು ತೊಳಸುವಾಗ ಎದೆಯ ಮೇಲಿನ ಕರಡಿಗೆ ಬಿಸಿಯೇರಿದ ಹಾಗೆ ಅನ್ನಿಸುವುದು. ಒಲೆಯ ಕಾವಿರಬೇಕೆಂದು ದೂರ ಸರಿದರೂ ಆರುತ್ತಿರಲಿಲ್ಲ. ಅವನ ಬಟ್ಟೆಗಳಲ್ಲಿ ರಜೆಯ ಮೊದಲ ದಿನ ಇರುತ್ತಿದ್ದ ಸೀಮೆಎಣ್ಣೆಯಂಥ ವಾಸನೆ, ಈಗ ಅವಳ ಕುಪ್ಪಸದಿಂದಲೇ ಏಳುತ್ತಿತ್ತು.

ಶಿವಗಣಾರಾಧನೆಯ ಊಟ ಮುಗಿದು ನೆಂಟರು ಹೊರಟ ಮಾರನೆಯ ಬೆಳಿಗ್ಗೆ ಅವಳು ಪೂಜೆಗೆ ಕುಳಿತಳು. ಕರಡಿಗೆ ತೆರೆದು ಲಿಂಗವನ್ನು ಅಂಗೈಗೆ ಬಗ್ಗಿಸಿಕೊಂಡಳು. ಹೆಬ್ಬೆರಳು ತನ್ನಷ್ಟಕ್ಕೆ ಸರಿದು ಆ ಗಾಯದ ಹತ್ತಿರ ನಿಂತಿತು.

ಬೆಳಕಿಗೆ ಹಿಡಿದು ಮತ್ತೆ ನೋಡಿದಳು. ಅವನದೇ. ಇಷ್ಟು ದಿನ ತಮ್ಮನನ್ನು ಕೊರಳಿಗೆ ಕಟ್ಟಿಕೊಂಡು ಓಡಾಡಿದ್ದಳು. ತನ್ನದು ಅಲ್ಲಿ, ಪೆಟ್ಟಿಗೆಯ ಮೇಲೆ, ಮಣ್ಣಿನಡಿ. ಯಾರ ಲಿಂಗ ಮಣ್ಣಿಗೆ ಹೋಯಿತೋ ಹೋದವರು ಅವರೇ. ಹಾಗಾದರೆ ಹೋದವಳು ತಾನು. ಅವನು ಇನ್ನೂ ಹೋಗಿಲ್ಲ. ಇಳಿಯಲು ಹೊರಟವನು ಇಳಿದಿಲ್ಲ.

ಅವನ ಲಿಂಗವನ್ನು ಗೂಡಿನಲ್ಲಿಟ್ಟು ಬರಿಗೊರಳಲ್ಲಿ ಅಡಿಗೆಮನೆಗೆ ಹೋದಳು. ಲಿಂಗವಿಲ್ಲದವರ ಕೈಯಡಿಗೆಯನ್ನು ಚಿಕ್ಕಪ್ಪ ಮುಟ್ಟುವುದಿಲ್ಲ. ಹೋಟೆಲಿನಲ್ಲಿ ನೀರು ಕುಡಿಯಲೂ ಯೋಚಿಸುವ ಮನುಷ್ಯ. ಆ ಮಧ್ಯಾಹ್ನ ಅವಳೇ ಮುದ್ದೆ ಇಕ್ಕಿದಳು. ಚಿಕ್ಕಪ್ಪ ಸಾರು ಸುರಿಸಿಕೊಂಡು, "ಉಪ್ಪು ಹದವಾಗೈತೆ" ಎಂದರು. ಮಾರನೆಯ ದಿನವೂ ಉಂಡರು. ಅದರ ಮಾರನೆಯ ದಿನವೂ. ಸತ್ತವಳೊಬ್ಬಳು ಹಂಡೆ ಕಾಯಿಸುತ್ತಿದ್ದಾಳೆ, ಸಗಣಿ ಬಾಚುತ್ತಿದ್ದಾಳೆ, ಬಸವರಾಜನ ಪ್ಯಾಂಟಿನ ಮಡಿಕೆ ಬಿಚ್ಚಿ ಮಣ್ಣು ಕೊಡವುತ್ತಿದ್ದಾಳೆ ಎಂಬುದು ಆ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಎಲ್ಲವೂ ಹೊತ್ತಿಗೆ ಸರಿಯಾಗಿ ನಡೆಯುತ್ತಿತ್ತಲ್ಲ.

ಸಂತೆಯ ದಿನ ಗುಬ್ಬಿಗೆ ಹೋದವಳು ಅಯ್ನೋರ ಮನೆಯ ಜಗಲಿಯ ಮೇಲೆ ಕುಳಿತು, ನಮ್ಮ ಕಡೆಯವರಿಗೆ ಹೀಗಾಗಿದೆಯಂತೆ ಎಂದು ಕೇಳಿದಳು.

"ಬದುಕಿರೋರು ಹೊಸ ಲಿಂಗ ಕಟ್ಟಿಸ್ಕೊಳ್ಳಲಿ. ಸತ್ತೋರದನ್ನ ಹರಿಯೋ ನೀರಿಗೆ ಬುಡಲಿ."

"ಮಣ್ಣಿಗೆ ಹೋಗಿರೋದನ್ನ ತೆಗೆದು ಅದಲು ಬದಲು ಮಾಡಬೌದಾ ಬುದ್ಧಿ?"

"ಸಮಾಧಿ ಕೆದಕೋದಾ? ಎಲ್ಲಾದ್ರೂ ಉಂಟೇನಮ್ಮ!" ಅಯ್ನೋರು ಅವಳ ಮುಖವನ್ನೇ ನೋಡಿದರು. "ಯಾರು ಆ ನಿಮ್ಮ ಕಡೆಯೋರು?"

"ಕುಣಿಗಲ್ ಕಡೆ ಬುದ್ಧಿ" ಎಂದು ಹೇಳಿ ಎದ್ದುಬಂದಳು.

ಹರಿಯುವ ನೀರಿಗೆ ಬಿಡುವ ಮನಸ್ಸು ಅವಳಿಗೆ ಬರಲಿಲ್ಲ. ಅವನದು ಅವನಿಗೆ ಸೇರಬೇಕು, ತನ್ನದು ತನಗೆ ಬರಬೇಕು. ಹೊಸತೊಂದು ಕಟ್ಟಿಸಿಕೊಂಡು, ಹಳೆಯ ತನ್ನನ್ನು ಪೆಟ್ಟಿಗೆಯ ಮೇಲೆ ಹಾಗೇ ಬಿಟ್ಟುಬಿಡುವುದು ಹೇಗೆ?

ಅಷ್ಟರಲ್ಲಿ ಚಿಕ್ಕಪ್ಪ ಸ್ಮಾರಕದ ಕೆಲಸ ಶುರು ಮಾಡಿಸಿದ್ದರು. ಸಮಾಧಿಯ ಮೇಲೆ ಕಾಂಕ್ರೀಟ್ ಹಾಸಿ, ಅದರ ಮೇಲೆ ಗ್ರಾನೈಟು ಕಲ್ಲು, ಕಲ್ಲಿನ ಮೇಲೆ ವಿಮಾನದ ಚಿತ್ರ. ಮೇಸ್ತ್ರಿ ಗೋವಿಂದರಾಜು ಗುಡ್ಡೆ ಮಣ್ಣನ್ನು ಕೆರೆದು, ಇನ್ನೂ ಒಂದಡಿ ಕೆಳಕ್ಕೆ ತೆಗೆದು, ಸುತ್ತ ಹಲಗೆ ಕಟ್ಟಿ ಹೋದ. ಬೆಳಗಾದರೆ ಕಾಂಕ್ರೀಟು. ಅದು ಬಿದ್ದಮೇಲೆ ಮುಗಿಯಿತು, ಯಾವ ಗುದ್ದಲಿಗೂ ಸಿಗುವುದಿಲ್ಲ.

ಆ ಸಂಜೆ ಪಲ್ಲವಿ ಬಂದಳು, ಮಗಳನ್ನು ಹೆಬ್ಬೂರಿನ ತವರಲ್ಲಿ ಬಿಟ್ಟು. ಅತ್ತಿಗೆ ನಾದಿನಿಯರಿಗೆ ಅಷ್ಟೇನೂ ಸಲಿಗೆ ಇರಲಿಲ್ಲ. ಚನ್ನೇಶ ರಜೆಗೆ ಬಂದರೆ ಅರ್ಧ ಇಲ್ಲಿ, ಅರ್ಧ ಶೆಟ್ಟಿಹಳ್ಳಿಯಲ್ಲಿ. ಆ ಅರ್ಧಗಳ ಮೇಲೆ ಇಬ್ಬರಿಗೂ ಒಳಗೊಳಗೇ ಕಣ್ಣು. ಆದರೂ ಆ ದಿನ ಪಲ್ಲವಿ ಸೀದಾ ಅಡಿಗೆಮನೆಗೆ ಬಂದು ಈಳಿಗೆಮಣೆ ಎಳೆದುಕೊಂಡಳು.

"ಇಡಿ ಅಕ್ಕ, ನಾನು ಹೆಚ್ತೀನಿ."

"ನೀನು ಕೂತ್ಕೋ. ಸುಸ್ತಾಗಿರ್ತೀಯ."

"ಕೂತೂ ಕೂತೂ ಸಾಕಾಗಿದೆ. ಆವತ್ತಿಂದ ಎಲ್ರೂ ನನ್ನ ಕೂರಿಸ್ತಾನೇ ಇದಾರೆ. ಅವತ್ತು ಪೆಟ್ಟಿಗೆ ಪಕ್ಕದಲ್ಲಿ ಕೂರ್ಸಿದ್ರಲ್ಲ, ಬಚ್ಚಲಿಗೆ ಹೋಗ್ಬೇಕು ಅಂದ್ರೂ ಬಿಡ್ಲಿಲ್ಲ. ಫೋಟೋ ತೆಗೀತಾರೆ, ಕೂತ್ಕೋ ಅಂತ."

"ನನ್ನ ಅಲ್ಲಿಗೆ ಬರಕ್ಕೇ ಬಿಡ್ಲಿಲ್ಲ" ಎಂದಳು ಶಕುಂತಲಮ್ಮ.

ಪಲ್ಲವಿ ಹೆಚ್ಚುವುದು ನಿಲ್ಲಿಸಿದಳು. "ನೀವು ಪೆಟ್ಟಿಗೆ ನೋಡೇ ಇಲ್ವಾ ಅಕ್ಕ?"

"ಎಲ್ಲಿ ನೋಡ್ಲಿ? ಟೀ ಮಾಡ್ತಿದ್ದೆ."

ಅಷ್ಟು ಹೇಳಿದ ಮೇಲೆ ಉಳಿದದ್ದನ್ನು ತಡೆಯಲಾಗಲಿಲ್ಲ. ಮಸಿಬಟ್ಟೆ, ಸರಿಸಿದ ಗೂಡು, ಹೆಬ್ಬೆರಳಿಗೆ ಸಿಕ್ಕ ಗಾಯ, ಎಲ್ಲ ಹೇಳಿದಳು. ಬಚ್ಚಲಿನ ಸದ್ದನ್ನೂ ಹೇಳಿದಳು. ಪಲ್ಲವಿ ಬೈಯುತ್ತಾಳೆಂದು ಕಾದಳು. ನನ್ನ ಗಂಡನನ್ನು ಅರ್ಧದಲ್ಲಿ ನಿಲ್ಲಿಸಿದಿರಲ್ಲ ಎನ್ನಬಹುದಿತ್ತು.

"ನಮ್ಮನೇಲೂ ಬರ್ತಾರೆ," ಎಂದಳು ಪಲ್ಲವಿ, ಬದನೆಕಾಯಿಯನ್ನೇ ನೋಡುತ್ತ. "ಬೂಟು ಬಿಚ್ಚೋ ಸದ್ದು. ಒಂದು ಬೂಟು ಬೀಳತ್ತೆ. ಇನ್ನೊಂದು ಬೀಳಲ್ಲ. ನಾನು ಕಾಯ್ತಾ ಇರ್ತೀನಿ."

ಹೊರಗಿನಿಂದ ಚಿಕ್ಕಪ್ಪ, ಊಟ ಎಷ್ಟೊತ್ತಿಗೆ ಎಂದು ಕೂಗಿದರು.

"ಕರಡಿಗೆ ಎಲ್ಲಿಟ್ರು ಅಂತ ನಂಗೊತ್ತು," ಪಲ್ಲವಿ ದನಿ ತಗ್ಗಿಸಿದಳು. "ಮುಚ್ಚಳದ ಮೇಲೆ ಅವರ ಹೆಸರಿನ ಪಟ್ಟಿ ಇತ್ತು. ಅದರ ಮೇಲೇ ಇಟ್ರು. ಆ ಪಟ್ಟಿ ಬಿಟ್ಟು ನೋಡಕ್ಕೆ ನಂಗಿನ್ನೇನಿತ್ತು? ಕಣ್ಣು ಮುಚ್ಕೊಂಡು ತೋರಿಸ್ತೀನಿ. ಬೆಳಿಗ್ಗೆ ಮೇಸ್ತ್ರಿ ಬರೋದ್ರೊಳಗೆ ಹೋಗೋಣ."

"ಹೆಂಗಸ್ರು ಗುಂಡಿಗೆ ಇಳಿಯಂಗಿಲ್ಲ ಕಣೇ."

"ಹೆಂಗಸ್ರು ಟೀ ಮಾಡ್ಬೌದು, ಫೋಟೋಗೆ ಕೂತ್ಕೋಬೌದು. ಅಷ್ಟೇನಾ? ಗುದ್ದಲಿ ಎಲ್ಲಿದೆ ಹೇಳಿ."

ಕೋಳಿ ಕೂಗುವ ಹೊತ್ತಿಗೆ ಹೊರಟರು. ತೋಟದಲ್ಲಿ ಮಂಜು ತೆಂಗಿನ ಬುಡಗಳನ್ನೆಲ್ಲ ನುಂಗಿತ್ತು. ಪಲ್ಲವಿ ಹಲಗೆ ದಾಟಿ ಇಳಿದು, ಕಾಲಿನಿಂದ ಅಳೆದು ಒಂದು ಕಡೆ ನಿಂತಳು. "ಇಲ್ಲಿ." ಶಕುಂತಲಮ್ಮ ಅಗೆದಳು, ಪಲ್ಲವಿ ಮಂಕರಿಯಲ್ಲಿ ಮಣ್ಣು ತುಂಬಿ ಮೇಲಕ್ಕೆ ಹಾಕಿದಳು. ಸಡಿಲ ಮಣ್ಣು, ಉಳಿದದ್ದೂ ಹೆಚ್ಚಿರಲಿಲ್ಲ. ಒಬ್ಬರು ಕುಕ್ಕುರುಗಾಲಲ್ಲಿ ಕೂರುವಷ್ಟು ಗುಂಡಿಯಾಗುವ ಹೊತ್ತಿಗೆ ಗುದ್ದಲಿ ಇಟ್ಟು ಕೈಯಿಂದ ಬಗೆಯತೊಡಗಿದರು. ಮೊದಲು ಕೊಳೆತ ಪತ್ರೆ ಸಿಕ್ಕಿತು. ಆಮೇಲೆ ಬೆಳ್ಳಿ.

ಶಕುಂತಲಮ್ಮ ಅದನ್ನು ಸೆರಗಿಗೆ ಒರೆಸಿ ತೆರೆದಳು. ಗಾಯವಿಲ್ಲದ ಲಿಂಗ. ತನ್ನದು. ಇಷ್ಟು ವರ್ಷದಲ್ಲಿ ಅದನ್ನು ಹೀಗೆ ನೋಡಿದ್ದೇ ಇಲ್ಲವೆನ್ನಿಸಿತು. ತಲೆ ಎತ್ತಿದರೆ ಪಲ್ಲವಿ ಇನ್ನೂ ಬಗೆಯುತ್ತಿದ್ದಳು. ಮುಚ್ಚಳದ ಮರ ಕಾಣುತ್ತಿತ್ತು, ಒದ್ದೆಯಾಗಿ ಕಪ್ಪಿಟ್ಟಿತ್ತು. ಪಲ್ಲವಿ ಅದರ ಮೇಲೆ ಎರಡೂ ಅಂಗೈ ಊರಿದಳು. ಆಮೇಲೆ ಕೈ ಹಿಂದಕ್ಕೆ ಚಾಚಿ ಗುದ್ದಲಿ ಹುಡುಕಿದಳು.

"ಒಂದೇ ಸಲ ನೋಡ್ತೀನಿ ಅಕ್ಕ."

"ಬ್ಯಾಡ ಕಣೇ."

"ಒಂದು ಹಲಗೆ ಎತ್ತಿದ್ರೆ ಸಾಕು. ಇದ್ರೊಳಗೆ ಅವರಿದಾರೋ ಇಲ್ವೋ ಯಾರಿಗ್ಗೊತ್ತು? ಹೊತ್ಕೊಂಡು ಬಂದೋರು, ಹಗುರವಾಗಿತ್ತು ಅಂತ ಮಾತಾಡ್ಕೋತಿದ್ರು. ನಾನು ಕೇಳಿಸ್ಕೊಂಡೆ. ಅವರೇ ಅಲ್ದೆ ಬರೀ ಮಣ್ಣಾಗಿದ್ರೆ? ಬೇರೆ ಯಾರೋ ಆಗಿದ್ರೆ? ನಾನು ಯಾರಿಗೆ ಅಳ್ತಿದೀನಿ ಅಂತ ನಂಗೆ ಗೊತ್ತಾಗ್ಬೇಡ್ವಾ?"

ಶಕುಂತಲಮ್ಮ ಅವಳ ಮಣಿಕಟ್ಟು ಹಿಡಿದುಕೊಂಡಳು. ಇಬ್ಬರ ಕೈಯೂ ಮಣ್ಣು. ಸ್ವಲ್ಪ ಹೊತ್ತು ಎಳೆದಾಟವೇ ಆಯಿತು.

"ಕೇಳು ಇಲ್ಲಿ. ನಮ್ಮವ್ವನ್ನ ಕೊನೇಲಿ ನಾನೇ ತೊಳೆದೆ. ಬೆನ್ನೆಲ್ಲ ಹುಣ್ಣಾಗಿತ್ತು. ತೊಳೆದಿದ್ದು ತಪ್ಪಲ್ಲ, ಯಾರಾದ್ರೂ ತೊಳೀಬೇಕಿತ್ತು. ಆದ್ರೆ ಇವತ್ತಿಗೂ ಅವ್ವ ಅಂದ್ರೆ ನಂಗೆ ಆ ಬೆನ್ನೇ ಕಾಣೋದು. ಮುಖ ನೆನಸ್ಕೊಳ್ಳಾನ ಅಂದ್ರೂ ಬರಲ್ಲ. ನಿಂಗೆ ಅವನ ಮುಖ ಬರ್ತದೆ ತಾನೆ?"

ಪಲ್ಲವಿ ಹೂಂ ಎಂದು ತಲೆಯಾಡಿಸಿದಳು. ಗುದ್ದಲಿಯ ಕಡೆ ಚಾಚಿದ್ದ ಕೈ ಸಡಿಲವಾಯಿತು.

"ಅದಿರ್ಲಿ. ಅದನ್ನ ಕಳ್ಕೋಬ್ಯಾಡ."

ಚನ್ನೇಶನ ಕರಡಿಗೆಯನ್ನು ಶಕುಂತಲಮ್ಮ ಬಾಳೆ ಎಲೆಯಲ್ಲಿ ಸುತ್ತಿ ತಂದಿದ್ದಳು. ಇಡುವ ಮುಂಚೆ ಪಲ್ಲವಿ ಕೈ ಒಡ್ಡಿದಳು. ಲಿಂಗವನ್ನು ಅಂಗೈ ಮೇಲಿಟ್ಟುಕೊಂಡು, ಅಕ್ಕ ತೋರಿಸಿದ ಕಡೆ ಹೆಬ್ಬೆರಳು ಸವರಿದಳು. ಮದುವೆಯಾದಾಗಿನಿಂದ ಅವಳು ಅದನ್ನು ಮುಟ್ಟಿರಲಿಲ್ಲ.

"ಎಡಗೈ ಯಾವ ಕಡೆ?" ಶಕುಂತಲಮ್ಮ ಕೇಳಿದಳು. "ಮಲಗಿರೋನು. ತಲೆ ಯಾವ ಕಡೆಗೈತೋ ನಂಗೆ ಗೊತ್ತಿಲ್ಲ."

"ಹೆಸರಿನ ಅಕ್ಷರದ ತಲೆ ಯಾವ ಕಡೆಗಿದ್ಯೋ ಅವರ ತಲೆ ಆ ಕಡೆಗೆ. ನೋಡಿ, ಹೀಗೆ. ಇದು ಎಡಗಡೆ." ಪಲ್ಲವಿ ಮುಚ್ಚಳದ ಆ ಬದಿಯನ್ನು ತಟ್ಟಿ ತೋರಿಸಿದಳು, ಹಾಸಿಗೆಯ ಮೇಲೆ ತನ್ನ ಜಾಗ ತೋರಿಸಿದ ಹಾಗೆ.

ಅಲ್ಲಿಟ್ಟರು. ಪತ್ರೆ ಹಾಕಿದರು. ಮಣ್ಣು ತಳ್ಳುವಾಗ ಇಬ್ಬರಲ್ಲಿ ಯಾರೂ ಅಳಲಿಲ್ಲ. ಕೈ ಬಿಡುವಿಲ್ಲದಾಗ ಅಳು ಹಿಂದೆ ನಿಲ್ಲುತ್ತದೆ ಎಂಬುದು ಶಕುಂತಲಮ್ಮನಿಗೆ ಮೊದಲೇ ಗೊತ್ತಿತ್ತು, ಪಲ್ಲವಿಗೆ ಅಂದು ಗೊತ್ತಾಯಿತು.

ಗುಂಡಿ ತುಂಬಿ ಮಣ್ಣು ತುಳಿಯುತ್ತಿದ್ದಾಗ ಮಂಜಿನೊಳಗಿಂದ ಚಿಕ್ಕಪ್ಪ ಬಂದರು, ಹಿಂದೆ ಮೇಸ್ತ್ರಿ ಗೋವಿಂದರಾಜು.

"ಏನಿದು? ಏನ್ ಮಾಡ್ತಿದೀರ ನೀವಿಬ್ರೂ?"

ಸುಳ್ಳು ಹೇಳಬಹುದಿತ್ತು. ಮಟ್ಟ ಮಾಡುತ್ತಿದ್ದೆವು ಎಂದರೆ ನಂಬುತ್ತಿದ್ದರು. ಹೆಂಗಸರು ಮಣ್ಣು ಮಟ್ಟ ಮಾಡುವುದರಲ್ಲಿ ವಿಶೇಷವೇನಿದೆ?

"ಅವತ್ತು ಪೆಟ್ಟಿಗೆ ಮೇಲೆ ಇಟ್ಟಿದ್ದು ನನ್ ಲಿಂಗ ಚಿಕ್ಕಪ್ಪ. ಗಡಿಬಿಡೀಲಿ ಅದಲು ಬದಲಾಗಿತ್ತು. ಈಗ ಅವನದು ಅವನಿಗೆ ಕೊಟ್ಟು ನನ್ನದು ತಗೊಂಡೆ."

ಪರಮಶಿವಯ್ಯನವರ ಬಾಯಿ ತೆರೆದುಕೊಂಡಿತು. ಸಮಾಧಿ ಕೆದಕಿದ್ದಕ್ಕೆ ಬೈಯುತ್ತಾರೆಂದು ಪಲ್ಲವಿ ಒಂದು ಹೆಜ್ಜೆ ಮುಂದೆ ಬಂದಳು. ಆದರೆ ಅವರು ಕೇಳಿದ್ದು ಬೇರೆ.

"ಹಂಗಾದ್ರೆ... ಇಷ್ಟು ದಿನ ಲಿಂಗ ಇಲ್ದೇನೇ ನಮಗೆ ಅನ್ನ ಇಕ್ಕಿದ್ಯಾ?"

"ಹೂಂ."

"ಅಲ್ಲಮ್ಮ..."

"ಉಪ್ಪು ಹದವಾಗಿತ್ತು ಅಂದ್ರಲ್ಲ ಚಿಕ್ಕಪ್ಪ."

ಗೋವಿಂದರಾಜು ಮುಖ ಆ ಕಡೆ ತಿರುಗಿಸಿ ಕೆಮ್ಮಿದ. ಚಿಕ್ಕಪ್ಪ, ಮೇಸ್ತ್ರಿಯ ಎದುರಿಗೆ ಈ ಮಾತು ಬೆಳೆಸುವುದು ಬೇಡವೆನಿಸಿ, ಮರಳು ಯಾಕೆ ಇಷ್ಟು ಒದ್ದೆಯಾಗಿದೆ ಎಂದು ಅವನ ಮೇಲೆ ರೇಗಿದರು. ಮಧ್ಯಾಹ್ನದೊಳಗೆ ಕಾಂಕ್ರೀಟು ಬಿತ್ತು. ಆ ದಿನ ಅವರು ಮನೆಯಲ್ಲಿ ಉಣ್ಣಲಿಲ್ಲ. ರಾತ್ರಿ ಹಸಿವು ತಾಳದೆ ತಾವೇ ಬಂದು ತಟ್ಟೆಯ ಮುಂದೆ ಕುಳಿತರು.

ಪಲ್ಲವಿ ಸಂಜೆಯ ಬಸ್ಸಿಗೆ ಹೊರಟಳು. ಬಸ್ಸು ಬರುವವರೆಗೂ ಶಕುಂತಲಮ್ಮ ಜೊತೆಗೆ ನಿಂತಳು. "ಸದ್ದು ನಿಂತ್ರೆ ಫೋನ್ ಮಾಡಿ" ಎಂದಳು ಪಲ್ಲವಿ. ಸ್ವಲ್ಪ ಯೋಚಿಸಿ, "ನಿಲ್ದಿದ್ರೂ ಮಾಡಿ" ಎಂದಳು.

ಮರುದಿನ ಬಚ್ಚಲಿನಲ್ಲಿ ಸದ್ದಿರಲಿಲ್ಲ. ಶಕುಂತಲಮ್ಮ ಬಾಗಿಲ ಹತ್ತಿರ ಕಿವಿಯಿಟ್ಟು ಕಾದಳು. ಉರಿ ಚಟಪಟ ಎನ್ನುವುದು ಬಿಟ್ಟರೆ ಏನೂ ಇಲ್ಲ. ಹೋದ, ಎಂದುಕೊಂಡಳು. ಬೇಕೆಂದು ಬಯಸಿದ್ದೇ ಆದರೂ ಟವಲು ತಂದು ಗೂಟಕ್ಕೆ ಹಾಕಿದಳು.

ಮಿಂದು ಪೂಜೆಗೆ ಕುಳಿತಳು. ಇನ್ನು ಒಂದೇ ಪೂಜೆ. ಕೊರಳಿನಿಂದ ತನ್ನದನ್ನು ಬಿಚ್ಚಿ, ನೀರು ಹನಿಸಿ, ವಿಭೂತಿ ಹಚ್ಚಿ, ಪತ್ರೆ ಏರಿಸಿದಳು. ಹೊತ್ತು ಬೇಕಾದಷ್ಟಿತ್ತು, ಅಷ್ಟು ಹೊತ್ತನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಲಿಂಗ ತಣ್ಣಗಿತ್ತು. ಅಂಗೈಯ ಬಿಸಿ ಅದಕ್ಕೆ ತಾಗುತ್ತಲೇ ಇರಲಿಲ್ಲ. ಎದೆಯ ಮಟ್ಟಕ್ಕೆ ಹಿಡಿದು ಕಣ್ಣು ಮುಚ್ಚಿದಳು.

ಕತ್ತಲು. ಎಂದಿನ ಕತ್ತಲಲ್ಲ. ಅದಕ್ಕೆ ಗೋಡೆಗಳಿದ್ದವು, ಅದು ಅದುರುತ್ತಿತ್ತು. ಸುತ್ತಲೂ ಸರಕಿಗೆ ಬಿಗಿದ ಸರಪಳಿಗಳು ಸಣ್ಣಗೆ ಕಿಣಿಕಿಣಿ ಎನ್ನುತ್ತಿದ್ದವು. ಕಿಟಕಿ ಇರಲಿಲ್ಲ. ಆದರೂ ಕೆಳಗೆಲ್ಲೋ ನೆಲ ಇದೆಯೆಂದು, ಅದು ಮಂಜಿನೊಳಗಿಂದ ಮೇಲೇಳುತ್ತಿದೆಯೆಂದು ಅವಳ ಬೆನ್ನಿಗೆ ತಿಳಿಯುತ್ತಿತ್ತು. ಅಷ್ಟು ದಿನ ಪೆಟ್ಟಿಗೆಯ ಮೇಲೆ ಮಲಗಿದ್ದ ಲಿಂಗ, ಅಲ್ಲಿ ಕೇಳಿಸಿಕೊಂಡದ್ದನ್ನೆಲ್ಲ ತಂದು ಅವಳ ಅಂಗೈಗೆ ಸುರಿಯುತ್ತಿತ್ತು.

ಅಡಿಗೆಮನೆಯಿಂದ ಹಾಲು ಸೀದ ವಾಸನೆ ಬಂತು. "ಹಾಲು ಉಕ್ತಾ ಐತೆ! ಯಾರೂ ಇಲ್ವೇನಮ್ಮ ಒಳಗೆ?" ಎಂದು ಚಿಕ್ಕಪ್ಪ ಕೂಗಿದರು. ಇನ್ನೊಮ್ಮೆ ಕೂಗಿದರು. ಬಸವರಾಜ ಎದ್ದು ಬರುವ ಹೆಜ್ಜೆ, ಬರಿಗೈಯಲ್ಲಿ ಪಾತ್ರೆ ಮುಟ್ಟಿ ಹಾ ಎಂದ ಸದ್ದು.

ಶಕುಂತಲಮ್ಮ ಅಲುಗಲಿಲ್ಲ. ನೆಲ ಹತ್ತಿರ ಬರುತ್ತಿತ್ತು. ಅವನು ಅವಳ ಪಕ್ಕದಲ್ಲೇ ಎಲ್ಲೋ ಬೆಲ್ಟು ಬಿಗಿದುಕೊಂಡು ಕುಳಿತಿದ್ದ. ಅವನ ಕಾಲು ನೆಲಕ್ಕೆ ಸಿಗುವವರೆಗೂ ಅವಳು ಕಣ್ಣು ತೆರೆಯುವಂತಿರಲಿಲ್ಲ.